ಐವತ್ತುನಾಲ್ಕು ವರ್ಷಗಳ ಗೃಹಿಣಿ

ಮನೆವಾರ್ತೆಯ ಕೆಲಸಕ್ಕೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ಬೆಳಗ್ಗೆ ಬೆಳಗಿಟ್ಟ ಪಾತ್ರೆ ಮಧ್ಯಾಹ್ನಕ್ಕೆ ಮತ್ತೆ ಮುಸುರೆಯಾಗುತ್ತದೆ. ನಿನ್ನೆ ಸಂತೈಸಿದ ಮಗು ಇಂದು ಮತ್ತೊಂದು ಕಾರಣಕ್ಕಾಗಿ ಅಳುತ್ತದೆ. ಇಂತಹ ಕೆಲಸವನ್ನು ಮಾಡುವವಳಿಗೆ ಬಿರುದುಬಾವಲಿಗಳು ದೊರೆಯುವುದು ಅಪೂರ್ವ. ಅವಳ ಬಾಳನ್ನು ನಾಟಕವನ್ನಾಗಿ ಬರೆಯ ಹೊರಟವರೂ ಕಡಿಮೆಯೇ. ನಾಟಕಕ್ಕೆ ಯುದ್ಧ ಬೇಕು, ಸಿಂಹಾಸನ ಬೇಕು, ವಿರಹ ಬೇಕು; ಅಡುಗೆಮನೆಯಲ್ಲಿ ಕಾಫಿ ಬಗ್ಗಿಸುವ ಹೆಂಗಸಿನಿಂದ ಯಾವ ನಾಟಕವಾದೀತು ಎಂಬುದು ಬಹುಕಾಲದ ಅಭಿಪ್ರಾಯ. ಆದರೆ ಅಮೆರಿಕಾ ದೇಶದ ಒಬ್ಬ ನಟಿಯು ಮನೆಯವರಿಗೆ ಕಾಫಿ ಬಗ್ಗಿಸಿಕೊಡುತ್ತ, ಅವರ ಸುಖದುಃಖಗಳಿಗೆ ಕಿವಿಗೊಡುತ್ತ, ಒಂದೇ ಗೃಹಿಣಿಯ ಪಾತ್ರದಲ್ಲಿ ಐವತ್ತುನಾಲ್ಕು ವರ್ಷಗಳ ಕಾಲ ಜನರೆದುರಿಗೆ ಬಾಳಿದಳು. ಆಕೆಯ ಹೆಸರು ಹೆಲೆನ್ ವ್ಯಾಗ್ನರ್. ಈ ತಿಂಗಳು ಆಕೆಯ ವೃತ್ತಾಂತವನ್ನು ನಮ್ಮ ವಾಚಕರ ಮುಂದೆ ಇಡಬೇಕೆಂದಿದ್ದೇವೆ.

ಟೆಲಿವಿಷನ್ ಧಾರಾವಾಹಿಯ ನಟಿಯೊಬ್ಬಳ ಚರಿತ್ರೆ ಗೃಹಸ್ಥರ ಪತ್ರಿಕೆಗೆ ತಕ್ಕುದೇ ಎಂದು ಹುಬ್ಬು ಗಂಟಿಕ್ಕುವ ಹಿರಿಯರು ಇರಬಹುದು. ಧಾರಾವಾಹಿಗಳು ಹೆಂಗಸರ ಹೊತ್ತನ್ನು ಹಾಳುಮಾಡುತ್ತವೆ, ಅತ್ತೆ ಸೊಸೆಯರ ನಡುವೆ ಕಲಹವನ್ನು ಬಿತ್ತುತ್ತವೆ ಎಂಬ ದೂರನ್ನು ನಾವೂ ಕೇಳಿದ್ದೇವೆ. ಅದರಲ್ಲಿ ಹುರುಳಿಲ್ಲವೆಂದು ನಾವು ವಾದಿಸುವುದಿಲ್ಲ. ಆದರೆ ಪ್ರತಿದಿನವೂ ಕೋಟ್ಯಂತರ ಮನೆಗಳ ನಡುಮನೆಗೆ ಕರೆಯದೆಯೇ ಬಂದು ಕುಳಿತುಕೊಳ್ಳುವ ಒಂದು ಕಲೆ ಎಲ್ಲಿ ಹುಟ್ಟಿತು, ಯಾರ ಹಣದಿಂದ ಬೆಳೆಯಿತು, ಅದರಲ್ಲಿ ದುಡಿದವರ ಪಾಡೇನಾಯಿತು ಎಂಬುದನ್ನು ತಿಳಿಯದೆ ಅದನ್ನು ಹೊಗಳುವುದೂ ತೆಗಳುವುದೂ ಸಲ್ಲದು.

ಮೊದಲು ಈ ಕಲೆಯ ಹುಟ್ಟನ್ನು ಹೇಳಬೇಕು. ಅಮೆರಿಕಾದ ಷಿಕಾಗೋ ನಗರದಲ್ಲಿ ೧೯೦೧ರಲ್ಲಿ ಇರ್ನಾ ಫಿಲಿಪ್ಸ್ ಎಂಬಾಕೆ ಜನಿಸಿದಳು. ಕೆಲಕಾಲ ಉಪಾಧ್ಯಾಯಿನಿಯಾಗಿದ್ದು, ಅನಂತರ ರೇಡಿಯೋವನ್ನು ಸೇರಿ, ೧೯೩೦ರಲ್ಲಿ 'ಪೇಂಟೆಡ್ ಡ್ರೀಮ್ಸ್' ಎಂಬ ಸಂಸಾರದ ಕಥೆಯನ್ನು ದಿನಕ್ಕಿಷ್ಟೆಂದು ಬರೆದು ಪ್ರಸಾರಮಾಡಿಸಿದಳು. ಹಗಲು ಹೊತ್ತಿನಲ್ಲಿ ಮನೆಯಲ್ಲಿರುವವರು ಗೃಹಿಣಿಯರು. ಬಟ್ಟೆ ಒಗೆಯುವ ಸಾಬೂನನ್ನು ಕೊಳ್ಳುವವರೂ ಅವರೇ. ಇದನ್ನು ಕಂಡ ಸಾಬೂನಿನ ವ್ಯಾಪಾರಿಗಳು ಇಂತಹ ಕಥೆಗಳ ವೆಚ್ಚವನ್ನು ತಾವೇ ವಹಿಸಿಕೊಂಡು, ನಡುನಡುವೆ ತಮ್ಮ ಸರಕಿನ ಜಾಹೀರಾತನ್ನು ಸೇರಿಸತೊಡಗಿದರು. ಇವರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪೆನಿಯವರು ಅಗ್ರಗಣ್ಯರು. ಅವರು ೧೯೩೩ರಲ್ಲಿ ಆಕ್ಸಿಡಾಲ್ ಸಾಬೂನಿನ ಪುಡಿಯ ಹೆಸರಿನಲ್ಲಿ ನಡೆಸಿದ 'ಮಾ ಪರ್ಕಿನ್ಸ್' ಎಂಬ ಕಥೆಯು ೧೯೬೦ರ ವರೆಗೆ ರೇಡಿಯೋದಲ್ಲಿ ನಡೆಯಿತು. ಅಷ್ಟು ಕಾಲವೂ ಆ ತಾಯಿಯ ಪಾತ್ರಕ್ಕೆ ಧ್ವನಿಯಾದವಳು ವರ್ಜೀನಿಯಾ ಪೇಯ್ನ್ ಎಂಬೊಬ್ಬಳೇ ನಟಿ. ಸಾಬೂನಿನಿಂದ ಸಾಕಲ್ಪಟ್ಟ ಈ ಕಥೆಗಳಿಗೆ ಪತ್ರಿಕೆಗಳವರು ಪರಿಹಾಸ್ಯವಾಗಿ 'ಸೋಪ್ ಆಪೆರಾ', ಎಂದರೆ ಸಾಬೂನಿನ ಸಂಗೀತನಾಟಕ, ಎಂದು ಹೆಸರಿಟ್ಟರು. ಹಾಸ್ಯಕ್ಕೆ ಇಟ್ಟ ಹೆಸರೇ ಕಡೆಗೆ ಗಟ್ಟಿಯಾಗಿ ನಿಂತಿತು.

ರೇಡಿಯೋ ಹೋಗಿ ಟೆಲಿವಿಷನ್ ಬಂದಾಗ ಈ ಕಥೆಗಳೂ ಅಲ್ಲಿಗೆ ವಲಸೆ ಹೋದುವು. ಆಗ ಒಂದೊಂದು ಕಂತಿಗೆ ಹದಿನೈದು ನಿಮಿಷ ಮಾತ್ರ. ಗೃಹಿಣಿಯು ಅದಕ್ಕಿಂತ ಹೆಚ್ಚು ಹೊತ್ತು ಕೆಲಸ ಬಿಟ್ಟು ಪರದೆಯ ಮುಂದೆ ಕೂರಲಾರಳೆಂದು ಕಂಪೆನಿಯವರ ಎಣಿಕೆ. ಅರ್ಧ ಗಂಟೆಯ ಕಥೆ ಬೇಕೆಂದು ಇರ್ನಾ ಫಿಲಿಪ್ಸ್ ಹಟ ಹಿಡಿದಳು. ಆಕೆಗೆ ಘಟನೆಗಳಿಗಿಂತ ಮುಖಭಾವ ಮುಖ್ಯ; ಒಬ್ಬರು ಹೇಳಿದ ಸುದ್ದಿಯನ್ನು ಕೇಳಿ ಇನ್ನೊಬ್ಬರು ಸುಮ್ಮನಾಗುವ ಆ ಒಂದು ಕ್ಷಣ ಮುಖ್ಯ. ಅದಕ್ಕೆ ಬಿಡುವು ಬೇಕು. ಕೊನೆಗೆ ೧೯೫೬ನೆಯ ಇಸವಿ ಏಪ್ರಿಲ್ ೨ರಂದು ಸಿ.ಬಿ.ಎಸ್. ಸಂಸ್ಥೆಯವರು ಅರ್ಧ ಗಂಟೆಯ ಎರಡು ಧಾರಾವಾಹಿಗಳನ್ನು ಒಂದೇ ದಿನ ಆರಂಭಿಸಿದರು. ಒಂದು 'ದಿ ಎಡ್ಜ್ ಆಫ್ ನೈಟ್'. ಮತ್ತೊಂದು ಇರ್ನಾಳ 'ಆಸ್ ದಿ ವರ್ಲ್ಡ್ ಟರ್ನ್ಸ್'. ಲೋಕವು ತಿರುಗುತ್ತಿರುವಂತೆ ಎಂದು ಅದರ ಅರ್ಥ. ಇಲಿನಾಯ್ ಪ್ರಾಂತದ ಓಕ್‌ಡೇಲ್ ಎಂಬ ಕಲ್ಪಿತ ಊರು, ಅಲ್ಲಿಯ ವಕೀಲ ಕ್ರಿಸ್ ಹ್ಯೂಸ್, ಅವನ ಹೆಂಡತಿ ನ್ಯಾನ್ಸಿ, ಅವರ ಮಕ್ಕಳು, ಮನೆಯಲ್ಲಿ ವಾಸವಾಗಿರುವ ಮುದುಕ ಮಾವ, ಇವರೇ ಆ ಕಥೆಯ ಮುಖ್ಯ ಕುಟುಂಬದವರು. ನ್ಯಾನ್ಸಿಯ ಪಾತ್ರವೇ ಹೆಲೆನಳ ಪಾಲಿಗೆ ಬಂದುದು.

ಹೆಲೆನ್ ವ್ಯಾಗ್ನರ್ ೧೯೧೮ನೆಯ ಇಸವಿ ಸೆಪ್ಟೆಂಬರ್ ೩ರಂದು ಟೆಕ್ಸಾಸ್ ಪ್ರಾಂತದ ಲಬಕ್ ಎಂಬ ಊರಿನಲ್ಲಿ ಹುಟ್ಟಿದಳು. ಇಲಿನಾಯ್ ಪ್ರಾಂತದ ಮನ್‌ಮತ್ ಕಾಲೇಜಿನಲ್ಲಿ ಓದಿ ೧೯೩೮ರಲ್ಲಿ ಪದವಿಯನ್ನು ಪಡೆದಳು. ಸಂಗೀತದಲ್ಲಿಯೂ ನಾಟಕದಲ್ಲಿಯೂ ಆಕೆಗೆ ಅಭಿರುಚಿಯಿತ್ತು. ಬಳಿಕ ನ್ಯೂಯಾರ್ಕಿಗೆ ಬಂದು ರಂಗಭೂಮಿಯಲ್ಲಿ ದುಡಿದಳು. ಟೆಲಿವಿಷನ್ ಇನ್ನೂ ಎಳೆಯ ಕೂಸಾಗಿದ್ದ ಕಾಲದಲ್ಲಿಯೇ ಅದರಲ್ಲಿ ಸಣ್ಣಪುಟ್ಟ ಪಾತ್ರಗಳನ್ನು ವಹಿಸಿದಳು. ಇರ್ನಾಳದೇ ಇನ್ನೊಂದು ಕಥೆಯಾದ 'ಗೈಡಿಂಗ್ ಲೈಟ್' ೧೯೩೭ರಲ್ಲಿ ರೇಡಿಯೋದಲ್ಲಿ ಆರಂಭವಾಗಿ ೧೯೫೨ರಲ್ಲಿ ಟೆಲಿವಿಷನ್ನಿಗೆ ಬಂದಿತ್ತು. ಅದರಲ್ಲಿಯೂ ಆಕೆ ಅಭಿನಯಿಸಿದ್ದಳು. ೧೯೫೪ರಲ್ಲಿ ರಾಬರ್ಟ್ ವಿಲ್ಲಿ ಎಂಬ ನಾಟಕ ನಿರ್ಮಾಪಕನನ್ನು ವಿವಾಹವಾದಳು. ಹೀಗೆ ನ್ಯಾನ್ಸಿಯಾಗಿ ಕಾಣಿಸಿಕೊಳ್ಳುವ ವೇಳೆಗೆ ಆಕೆಗೆ ಮೂವತ್ತೇಳು ವರ್ಷ. ನಾಯಿಕೆಯ ವಯಸ್ಸು ಮೀರಿತೆಂದು ಚಿತ್ರರಂಗದವರು ಕೈಬಿಡುವ ವಯಸ್ಸು ಅದು. ಆಕೆಯ ನಿಜವಾದ ವೃತ್ತಿಜೀವನವು ಅಲ್ಲಿಂದಲೇ ಮೊದಲಾಯಿತು.

ಆ ಧಾರಾವಾಹಿಯ ಪ್ರಪ್ರಥಮ ವಾಕ್ಯವನ್ನು ಆಡಿದವಳು ಹೆಲೆನಳೇ. ಅದೇನೂ ದೊಡ್ಡ ಮಾತಲ್ಲ. ಬೆಳಗಾಗಿದೆ, ಗಂಡನಿಗೆ ಹೆಂಡತಿಯು ಪ್ರೀತಿಯಿಂದ ಬೆಳಗಿನ ವಂದನೆಯನ್ನು ಹೇಳುತ್ತಾಳೆ. ಸಂಸಾರದ ಕಥೆಗೆ ಅದಕ್ಕಿಂತ ತಕ್ಕ ನಾಂದಿ ಇನ್ನಾವುದು? ಆದರೆ ಶುಭಾರಂಭವಾಯಿತೆಂದು ಹಿಗ್ಗುವಷ್ಟರಲ್ಲಿಯೇ ಕೆಲಸಕ್ಕೆ ಸಂಚಕಾರ ಬಂದಿತು. ಇರ್ನಾ ಫಿಲಿಪ್ಸ್ ಬಹು ಕಟ್ಟುನಿಟ್ಟಿನ ಹೆಂಗಸು. ತನ್ನ ಮನಸ್ಸಿನಲ್ಲಿದ್ದ ನ್ಯಾನ್ಸಿಗೂ ಕಣ್ಣ ಮುಂದಿದ್ದ ಹೆಲೆನಳಿಗೂ ಹೊಂದಿಕೆಯಾಗಲಿಲ್ಲವೆಂದು ತೋರುತ್ತದೆ. ಮೊದಲ ಕೆಲವು ತಿಂಗಳುಗಳಲ್ಲಿಯೇ ಹೆಲೆನಳನ್ನು ಕೆಲಸದಿಂದ ಬಿಡಿಸಿದರು. ಆದರೆ ಬಹುಕಾಲ ಕಳೆಯುವ ಮುನ್ನವೇ ಮರಳಿ ಕರೆಸಿಕೊಳ್ಳಬೇಕಾಯಿತು. ಆಕೆ ಮರಳಿ ಬಂದಳು. ಅದೇ ಅಡುಗೆಮನೆಯಲ್ಲಿ ನಿಂತಳು. ಹೋದ ಕೆಲಸದ ಮಾತನ್ನು ಹಿಂದಿಟ್ಟು ಇರುವ ಕೆಲಸವನ್ನು ಮಾಡಿದಳು. ತಾಳಿದವನು ಬಾಳಿಯಾನು ಎಂಬ ಗಾದೆ ನಮ್ಮ ದೇಶಕ್ಕೆ ಮಾತ್ರ ಸಲ್ಲುವುದಲ್ಲ.

ಆ ಕಾಲದ ದುಡಿಮೆಯ ರೀತಿಯನ್ನು ಇಂದಿನವರು ಊಹಿಸುವುದು ಕಷ್ಟ. ಇಂದು ಒಂದು ದೃಶ್ಯವು ಕೆಟ್ಟರೆ ಅದನ್ನು ಮತ್ತೆ ತೆಗೆಯಬಹುದು, ಕತ್ತರಿಸಬಹುದು, ಜೋಡಿಸಬಹುದು. ಆಗ ಅದಾವುದೂ ಇಲ್ಲ. ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ನಟರು ಆಡಿದುದು ಆಡಿದ ಕ್ಷಣದಲ್ಲಿಯೇ ದೇಶದ ಮನೆಗಳಿಗೆ ತಲಪುತ್ತಿತ್ತು. ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ. ಇಂದಿನ ಪಾಠ ಮುಗಿಯುತ್ತಲೇ ನಾಳೆಯ ಪಾಠವನ್ನು ಬಾಯಿಪಾಠ ಮಾಡಬೇಕು. ಮಾತು ಮರೆತರೆ ಎದುರಿನವರು ಕೈಹಿಡಿದು ನಡೆಸಬೇಕು. ಬಾಗಿಲು ತೆರೆಯದಿದ್ದರೆ ಅದಕ್ಕೂ ಒಂದು ಮಾತನ್ನು ಹೊಂದಿಸಿಕೊಂಡು ಮುಂದೆ ಸಾಗಬೇಕು. ನಮ್ಮ ಕಂಪೆನಿ ನಾಟಕಗಳ ನಟರಿಗೆ ಈ ಪಾಡು ಗೊತ್ತು. ಆದರೆ ನಮ್ಮ ನಟರು ಒಂದೇ ನಾಟಕವನ್ನು ನೂರು ರಾತ್ರಿ ಆಡಿದರೆ, ಇವರು ದಿನಕ್ಕೊಂದು ಹೊಸ ನಾಟಕವನ್ನು ಆಡಬೇಕಾಗಿತ್ತು. ೧೯೭೫ರ ವರೆಗೂ ಹೀಗೆಯೇ ನಡೆಯಿತು.

ನೇರ ಪ್ರಸಾರದ ಆ ದಿನಗಳಲ್ಲಿ ಹೆಲೆನಳ ಹೆಸರು ಅಮೆರಿಕಾದ ಚರಿತ್ರೆಯೊಡನೆ ಬೆಸೆದುಹೋದ ಒಂದು ಪ್ರಸಂಗವುಂಟು. ೧೯೬೩ನೆಯ ಇಸವಿ ನವೆಂಬರ್ ೨೨, ಶುಕ್ರವಾರ. ಮಧ್ಯಾಹ್ನ ಒಂದೂವರೆ ಗಂಟೆಗೆ ಕಥೆ ಮೊದಲಾಗಿತ್ತು. ಮುಂದಿನ ವಾರ ಕೃತಜ್ಞತಾ ಹಬ್ಬ. ಹಬ್ಬದ ಊಟಕ್ಕೆ ಮಗ ಬಾಬ್ ತಾನು ಬಿಟ್ಟ ಹೆಂಡತಿಯನ್ನು ಕರೆದಿರುವನೆಂಬ ಸಂಗತಿಯನ್ನು ನ್ಯಾನ್ಸಿಯು ಮಾವನೊಡನೆ ಆಡುತ್ತಿದ್ದಾಳೆ. ಮಾವನಾಗಿದ್ದವನು ಸಾಂಟೋಸ್ ಒರ್ಟೇಗಾ ಎಂಬ ನಟ. ೧ ಗಂಟೆ ೪೦ ನಿಮಿಷಕ್ಕೆ ಇದ್ದಕ್ಕಿದ್ದಂತೆ ಚಿತ್ರವು ಮಾಯವಾಗಿ, ಪರದೆಯ ಮೇಲೆ ಸುದ್ದಿಯ ಫಲಕವೊಂದು ಮೂಡಿ, ವಾಲ್ಟರ್ ಕ್ರಾಂಕೈಟ್ ಎಂಬ ವಾರ್ತಾವಾಚಕನ ಧ್ವನಿ ಕೇಳಿಸಿತು: ಡಲ್ಲಾಸ್ ನಗರದಲ್ಲಿ ಅಧ್ಯಕ್ಷ ಕೆನಡಿಯವರ ಮೇಲೆ ಗುಂಡು ಹಾರಿದೆ. ದೇಶವೆಲ್ಲ ನಡುಗಿತು. ಸ್ಟುಡಿಯೋದೊಳಗಿದ್ದ ನಟರಿಗೆ ಮಾತ್ರ ಇದಾವುದೂ ತಿಳಿಯದು. ಆಕೆ ಹಬ್ಬದ ಊಟದ ಮಾತನ್ನು ಆಡುತ್ತಲೇ ಇದ್ದಳು.

ಈ ಪ್ರಸಂಗವನ್ನು ಓದಿದಾಗ ನಮಗೆ ಒಂದು ವಿಚಾರ ಹೊಳೆಯಿತು. ರಾಜ್ಯಗಳು ತಲೆಕೆಳಗಾಗುವ ಹೊತ್ತಿನಲ್ಲಿಯೂ ಯಾವುದೋ ಮನೆಯಲ್ಲಿ ಒಬ್ಬ ಹೆಂಗಸು ಹಬ್ಬಕ್ಕೆ ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕು, ಯಾರ ಮನಸ್ಸು ನೊಂದೀತು ಎಂದು ಯೋಚಿಸುತ್ತಲೇ ಇರುತ್ತಾಳೆ. ಚರಿತ್ರೆಯನ್ನು ಬರೆಯುವವರು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ದೊಡ್ಡ ಆಪತ್ತು ಬಂದ ಮೇಲೆ ಮನೆಯ ಗಂಡಸರು ಮರಳಿ ಬಂದು ತಲೆಯಿಡುವುದು ಆಕೆ ಕಾಯ್ದಿಟ್ಟ ಮನೆಯಲ್ಲಿಯೇ. ಆ ಶುಕ್ರವಾರ ಪರದೆಯಿಂದ ಅಳಿಸಿಹೋದ ಗೃಹಿಣಿಯೇ ಕೆಲವು ದಿನಗಳ ಬಳಿಕ ಮತ್ತೆ ಕಾಣಿಸಿಕೊಂಡಳು. ಆಕೆಯನ್ನು ಕಂಡು ಎಷ್ಟೋ ಮನೆಗಳಿಗೆ ಸಮಾಧಾನವಾಗಿದ್ದರೆ ಆಶ್ಚರ್ಯವೇನು?

ನ್ಯಾನ್ಸಿ ಎಂತಹ ಪಾತ್ರವೆಂಬುದನ್ನು ಇಲ್ಲಿ ಹೇಳಬೇಕು. ಪ್ರೇಮಪ್ರಕರಣಗಳು, ಗುಟ್ಟುಗಳು, ಕೋರ್ಟಿನ ವ್ಯಾಜ್ಯಗಳು, ಇವೆಲ್ಲ ಬೇರೆಯವರ ಪಾಲಿಗೆ. ಗಂಡನ ತಂಗಿ ಎಡಿತ್, ಗಂಡನ ಪಾಲುದಾರ ವಕೀಲನಲ್ಲಿ ಅನುರಕ್ತಳಾದಾಗ ನೊಂದವಳು ನ್ಯಾನ್ಸಿ. ಮಗಳು ಪೆನಿ ಹಟಮಾಡಿದಾಗ ತಿದ್ದಿದವಳು ನ್ಯಾನ್ಸಿ. ಮಗ ಬಾಬ್ ಲೀಸಾ ಎಂಬ ಚಪಲಚಿತ್ತಳನ್ನು ಕೈಹಿಡಿದಾಗ ತುಟಿಕಚ್ಚಿ ಸಹಿಸಿದವಳೂ ಅವಳೇ. ಕಥೆಯು ಆಗುವುದು ಬೇರೆಯವರಿಗೆ; ಅದು ಬಂದು ಮುಟ್ಟುವುದು ಇವಳನ್ನು. ಹೀಗೆ ಕೇಳಿಸಿಕೊಳ್ಳುವ ಪಾತ್ರವನ್ನು ಅಭಿನಯಿಸುವುದು ಸುಲಭವೆಂದು ಯಾರೂ ತಿಳಿಯಬಾರದು. ಅಬ್ಬರಿಸುವವನಿಗೆ ಮಾತಿನ ಆಸರೆಯುಂಟು. ಸುಮ್ಮನೆ ಕೇಳುವವಳಿಗೆ ಮುಖವೊಂದೇ ಗತಿ. ಕಣ್ಣು ಮಾತ್ರ ಕಾಣುವಷ್ಟು ಹತ್ತಿರಕ್ಕೆ ಯಂತ್ರವು ಬಂದು ನಿಂತಾಗ ಸುಳ್ಳು ಭಾವವು ಒಂದು ಗಳಿಗೆಯೂ ನಿಲ್ಲದು.

ಈ ಸಾಧಾರಣ ಸಂಸಾರದ ಕಥೆಯು ಜನರನ್ನು ಎಷ್ಟು ಹಿಡಿದಿತ್ತೆಂಬುದಕ್ಕೆ ಒಂದು ನಿದರ್ಶನ. ಪೆನಿಯ ಗಂಡ ಜೆಫ್ ಬೇಕರನ ಪಾತ್ರದಲ್ಲಿದ್ದ ಮಾರ್ಕ್ ರೈಡೆಲ್ ಎಂಬುವನು ಕೆಲಸ ಬಿಡಲು ನಿಶ್ಚಯಿಸಿದುದರಿಂದ ೧೯೬೨ರಲ್ಲಿ ಜೆಫ್ ಮೋಟಾರು ಅಪಘಾತದಲ್ಲಿ ಸತ್ತನೆಂದು ಕಥೆಯಲ್ಲಿ ತೋರಿಸಿದರು. ನೋಡುವವರು ತಮ್ಮ ಮನೆಯ ಅಳಿಯನೇ ತೀರಿಕೊಂಡಂತೆ ದುಃಖಪಟ್ಟು ರಾಶಿ ರಾಶಿಯಾಗಿ ಕಾಗದಗಳನ್ನು ಬರೆದರು. ಆ ರೈಡೆಲ್ ಮುಂದೆ ಹೆಸರಾಂತ ಚಲಚ್ಚಿತ್ರ ನಿರ್ದೇಶಕನಾದನು. ೧೯೫೮ರಿಂದ ೧೯೭೮ರ ವರೆಗೆ, ಇಪ್ಪತ್ತು ವರ್ಷಗಳ ಕಾಲ, ಅಮೆರಿಕಾದ ಹಗಲಿನ ಧಾರಾವಾಹಿಗಳಲ್ಲಿ ಇದೇ ಮೊದಲನೆಯ ಸ್ಥಾನದಲ್ಲಿತ್ತು. ಅರ್ಧ ಗಂಟೆ ಹೆಚ್ಚಾಯಿತೆಂದು ಹೆದರಿದ್ದ ಕಂಪೆನಿಯವರು ೧೯೭೫ರ ಡಿಸೆಂಬರಿನಲ್ಲಿ ಅದನ್ನು ಒಂದು ಗಂಟೆಗೆ ಏರಿಸಿದರು.

ಇಷ್ಟಾದರೂ ವಯಸ್ಸಾದವರ ಪಾಡು ಎಲ್ಲೆಡೆಯೂ ಒಂದೇ. ಕಾಲ ಬದಲಾಯಿತು. ಬೇರೆ ಧಾರಾವಾಹಿಗಳು ತರುಣ ತರುಣಿಯರ ಪ್ರೇಮವನ್ನೂ ಸಾಹಸವನ್ನೂ ತೋರಿಸಿ ಜನರನ್ನು ಸೆಳೆದುವು. ಇರ್ನಾ ಫಿಲಿಪ್ಸ್ ೧೯೭೩ರಲ್ಲಿ ಕಾಲವಾಗಿದ್ದಳು. ಹೊಸದಾಗಿ ಬಂದ ಬರಹಗಾರರಿಗೆ ಅಜ್ಜಿಯ ಕಥೆಯಲ್ಲಿ ರಸ ಕಾಣಲಿಲ್ಲ. ನ್ಯಾನ್ಸಿಯೂ ಕ್ರಿಸ್ಸನೂ ಮೂಲೆಗೆ ಸರಿದರು. ೧೯೮೦ರ ದಶಕದ ಆರಂಭದಲ್ಲಿ ಹೆಲೆನ್ ಕೆಲಕಾಲ ಧಾರಾವಾಹಿಯಿಂದ ದೂರವೇ ಉಳಿದಳು. ಮನೆಯನ್ನು ಕಟ್ಟಿದವಳಿಗೆ ಮನೆಯಲ್ಲಿ ಜಾಗವಿಲ್ಲವಾದುದು ಕಥೆಯಲ್ಲಿ ಮಾತ್ರ ನಡೆಯುವ ಸಂಗತಿಯೇ? ಹೆತ್ತು ಹೊತ್ತು ಸಾಕಿದ ಮುದುಕಿಯನ್ನು ಹಿಂದಿನ ಕೋಣೆಗೆ ಸೇರಿಸಿ, ಬಂದವರಿಗೆ ಪರಿಚಯವನ್ನೂ ಮಾಡಿಕೊಡದ ಮನೆಗಳು ನಮ್ಮಲ್ಲಿಯೂ ಉಂಟು. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳಿದರೇ?

ಆದರೆ ಧಾರಾವಾಹಿಯ ಒಡೆಯರು ಬಹುಬೇಗ ತಮ್ಮ ನಷ್ಟವನ್ನು ಕಂಡುಕೊಂಡರು. ನ್ಯಾನ್ಸಿ ಇಲ್ಲದ ಓಕ್‌ಡೇಲ್ ಊರಿಗೆ ಬೇರೇ ಇರಲಿಲ್ಲ. ದಶಕದ ನಡುವಿನಲ್ಲಿ ಹೆಲೆನಳನ್ನು ಮತ್ತೆ ಕರೆಸಿಕೊಂಡರು. ೧೯೮೬ರಲ್ಲಿ, ಮೂವತ್ತು ವರ್ಷ ಆಕೆಯ ಗಂಡನ ಪಾತ್ರವನ್ನು ವಹಿಸಿದ್ದ ಡಾನ್ ಮೆಕ್‌ಲಾಗ್ಲಿನ್ ತೀರಿಕೊಂಡನು. ಕಥೆಯಲ್ಲಿ ಕ್ರಿಸ್ಸನೂ ತೀರಿಕೊಂಡನು. ಮೂವತ್ತು ವರ್ಷ ದಿನವೂ ಒಟ್ಟಿಗೆ ದುಡಿದ ಜೊತೆಗಾರನಿಗಾಗಿ ನಟಿಯು ಅತ್ತ ಕಣ್ಣೀರು ಎಷ್ಟು, ನ್ಯಾನ್ಸಿಯ ಕಣ್ಣೀರು ಎಷ್ಟು ಎಂದು ಬೇರ್ಪಡಿಸಲು ಯಾರಿಂದ ಸಾಧ್ಯ?

ಅಲ್ಲಿಂದ ಮುಂದೆ ಆ ಪಾತ್ರಕ್ಕೆ ಹೊಸದೊಂದು ಗಾಂಭೀರ್ಯ ಬಂದಿತು. ವಿಧವೆಯಾದ ನ್ಯಾನ್ಸಿಯು ಡಾನ್ ಮೆಕ್ಲಾಸ್ಕಿ ಎಂಬ ಪೊಲೀಸ್ ಅಧಿಕಾರಿಯನ್ನು ಇಳಿವಯಸ್ಸಿನಲ್ಲಿ ವಿವಾಹವಾಗುತ್ತಾಳೆ. ಕೆಲವು ಕಾಲದ ಮೇಲೆ ಅವನಿಗೆ ಆಲ್ಜೈಮರ್ ರೋಗ ಹಿಡಿಯುತ್ತದೆ. ಇದು ಮೆದುಳನ್ನು ಮೆಲ್ಲಮೆಲ್ಲನೆ ಕ್ಷಯಿಸುವ ವ್ಯಾಧಿ. ಮೊದಲು ಇತ್ತೀಚಿನ ಸಂಗತಿಗಳು ಮರೆಯುತ್ತವೆ, ಬರಬರುತ್ತ ದಾರಿ ಮರೆಯುತ್ತದೆ, ಕಡೆಗೆ ಕಟ್ಟಿಕೊಂಡವಳ ಗುರುತೂ ಮರೆಯುತ್ತದೆ. ಬುಡಸಹಿತ ಗುಣಪಡಿಸುವ ಔಷಧ ಇಂದಿಗೂ ದೊರೆತಿಲ್ಲ. ಮನೆಯಲ್ಲಿ ಇಂತಹ ರೋಗಿಯಿದ್ದರೆ ಊಟ ಮಾಡಿಸುವುದರಿಂದ ಹಿಡಿದು ಬಾಗಿಲಿಗೆ ಚಿಲಕ ಹಾಕುವವರೆಗೆ ಸಕಲ ಭಾರವೂ ಸಾಮಾನ್ಯವಾಗಿ ಹೆಂಗಸಿನ ಮೇಲೆಯೇ ಬೀಳುವುದು. 'ಅರುಳು ಮರುಳು' ಎಂದು ನಾವು ನಕ್ಕು ತಳ್ಳಿಬಿಡುವ ವಾರ್ಧಕ್ಯದ ಲಕ್ಷಣಗಳಲ್ಲಿ ಕೆಲವು ನಿಜವಾಗಿ ರೋಗದ ಚಿಹ್ನೆಗಳೆಂಬುದನ್ನು ಅನೇಕ ಮನೆಗಳು ಇನ್ನೂ ಅರಿತಿಲ್ಲ. ಮುದುಕಿಯ ಕಥೆಯಲ್ಲಿ ರಸವಿಲ್ಲವೆಂದವರಿಗೆ ಇದೇ ಉತ್ತರವಾಯಿತು. ಎಪ್ಪತ್ತು ವರ್ಷ ದಾಟಿದ ನಟಿಯು, ಗಂಡನ ನೆನಪಿನಿಂದ ತಾನು ದಿನದಿನವೂ ಅಳಿಸಿಹೋಗುತ್ತಿರುವುದನ್ನು ಅಭಿನಯಿಸಿ ತೋರಿಸಿದಳು. ಇದಕ್ಕಿಂತ ಕರುಣವಾದ ನಾಟಕವಸ್ತುವನ್ನು ನಾವು ಕಾಣೆವು.

ಆ ಮನೆಯ ಹಜಾರದಲ್ಲಿ ಬೆಳೆದು ಹೊರಟವರು ಅನೇಕರು. ಮೆಗ್ ರಯಾನ್, ಮರಿಸಾ ಟೊಮೆ ಮುಂತಾದವರು ಅಲ್ಲಿ ದುಡಿದು ಚಲಚ್ಚಿತ್ರಗಳಿಗೆ ಹೋದರು. ನ್ಯಾನ್ಸಿಯ ಮೊಮ್ಮಗಳ ಪಾತ್ರವನ್ನು ವಹಿಸಿದ್ದ ಜೂಲಿಯಾನ್ ಮೂರ್ ೧೯೮೮ರಲ್ಲಿ ಆ ಅಭಿನಯಕ್ಕಾಗಿ ಎಮ್ಮಿ ಪಾರಿತೋಷಕವನ್ನು ಪಡೆದು, ಮುಂದೆ ಲೋಕವಿಖ್ಯಾತ ತಾರೆಯಾದಳು. ೨೦೧೦ರ ಏಪ್ರಿಲಿನಲ್ಲಿ, ಧಾರಾವಾಹಿಯು ಮುಗಿಯುವ ಸೂಚನೆ ಬಂದಮೇಲೆ, ಅದೇ ಮೊಮ್ಮಗಳಾಗಿ ಆಕೆ ಒಂದು ದಿನದ ಮಟ್ಟಿಗೆ ಹಳೆಯ ಮನೆಗೆ ಬಂದು ಹೋದಳು. ತವರನ್ನು ಮರೆಯದ ಮಕ್ಕಳನ್ನು ನೋಡಿ ಯಾರಿಗೆ ತಾನೆ ಸಂತೋಷವಾಗದು? ಹೆಲೆನಳಾದರೋ ಎಲ್ಲಿಗೂ ಹೋಗಲಿಲ್ಲ. ಒಂದೇ ಪಾತ್ರಕ್ಕೆ ಅಂಟಿಕೊಂಡ ನಟಿಯು ಬೇರೆ ಪಾತ್ರಗಳ ಸುಖವನ್ನು ಕಳೆದುಕೊಳ್ಳುತ್ತಾಳೆ. ಜನರು ಆಕೆಯ ಸ್ವಂತ ಹೆಸರನ್ನೇ ಮರೆತು ಪಾತ್ರದ ಹೆಸರಿನಿಂದ ಕರೆಯುತ್ತಾರೆ. ಇದು ಚಿಕ್ಕ ಬೆಲೆಯೇನೂ ಅಲ್ಲ. ಮದುವೆಯಾದ ಮೇಲೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದೇ ಕರೆಯಲ್ಪಡುವ ನಮ್ಮ ಸೋದರಿಯರಿಗೆ ಆ ಬೆಲೆಯ ಅರಿವು ಚೆನ್ನಾಗಿ ಉಂಟು.

ಮನ್ನಣೆ ತಡವಾಗಿಯಾದರೂ ಬಂದಿತು. ೨೦೦೪ರಲ್ಲಿ ಹಗಲಿನ ಧಾರಾವಾಹಿಗಳ ಹಿರಿಯ ಕಲಾವಿದರಿಗೆ ಜೀವಮಾನದ ಸಾಧನೆಗಾಗಿ ಎಮ್ಮಿ ಗೌರವವನ್ನು ಸಲ್ಲಿಸಿದಾಗ ಹೆಲೆನಳ ಹೆಸರೂ ಇತ್ತು. ಆಕೆಯ ಮಗ ಬಾಬ್ ಆಗಿ ೧೯೬೦ರಿಂದ ನಟಿಸುತ್ತಿದ್ದ ಡಾನ್ ಹೇಸ್ಟಿಂಗ್ಸ್, ಅದೇ ವರ್ಷ ಲೀಸಾ ಆಗಿ ಬಂದ ಐಲೀನ್ ಫುಲ್ಟನ್, ಇವರೂ ಅದೇ ದಿನ ಗೌರವಿತರಾದರು. ಟೆಲಿವಿಷನ್ನಿನಲ್ಲಿ ಒಂದೇ ಪಾತ್ರವನ್ನು ಅತ್ಯಂತ ದೀರ್ಘಕಾಲ ವಹಿಸಿದವಳೆಂದು ಗಿನ್ನೆಸ್ ದಾಖಲೆಯ ಪುಸ್ತಕವು ಆಕೆಯನ್ನು ಗುರುತಿಸಿತ್ತು. ಆಕೆಯ ಕಾಲಾನಂತರ ಆ ಹಿರಿಮೆಯು ಇಂಗ್ಲೆಂಡಿನ 'ಕಾರೊನೇಷನ್ ಸ್ಟ್ರೀಟ್' ಧಾರಾವಾಹಿಯಲ್ಲಿ ೧೯೬೦ರಿಂದ ನಟಿಸುತ್ತ ಬಂದ ವಿಲಿಯಂ ರೋಚ್ ಎಂಬ ನಟನ ಪಾಲಾಯಿತು.

ಇನ್ನು ಅಂತ್ಯದ ಮಾತು. ಅಮೆರಿಕಾದಲ್ಲಿ ಹಗಲು ಹೊತ್ತು ಮನೆಯಲ್ಲಿರುವ ಹೆಂಗಸರ ಸಂಖ್ಯೆ ಕಡಿಮೆಯಾಗುತ್ತ ಬಂದಿತು; ಅವರು ಕಚೇರಿಗಳಿಗೂ ಕಾರ್ಖಾನೆಗಳಿಗೂ ದುಡಿಯಲು ಹೋದರು. ಟೆಲಿವಿಷನ್ನಿನ ವಾಹಿನಿಗಳು ಮೂರರಿಂದ ನೂರಕ್ಕೇರಿದುವು. ಸಾಬೂನಿನ ಕಂಪೆನಿಗೆ ಗಿರಾಕಿಯನ್ನು ಮುಟ್ಟಲು ಬೇರೆ ದಾರಿಗಳು ದೊರೆತುವು. ೨೦೦೯ರ ಸೆಪ್ಟೆಂಬರಿನಲ್ಲಿ, ರೇಡಿಯೋದ ಕಾಲವನ್ನೂ ಸೇರಿಸಿದರೆ ೭೨ ವರ್ಷ ನಡೆದ 'ಗೈಡಿಂಗ್ ಲೈಟ್' ನಿಂತುಹೋಯಿತು. ಅದೇ ಡಿಸೆಂಬರಿನಲ್ಲಿ ಹೆಲೆನಳ ಧಾರಾವಾಹಿಯೂ ಮುಂದಿನ ವರ್ಷ ಮುಗಿಯುವುದೆಂದು ಪ್ರಕಟವಾಯಿತು. ಐವತ್ತು ವರ್ಷಗಳಿಗೂ ಮೀರಿ ಜೊತೆಯಾಗಿದ್ದ ಪತಿಯನ್ನು ಆಕೆ ಕಳೆದುಕೊಂಡುದೂ ೨೦೦೯ರಲ್ಲಿಯೇ. ೨೦೧೦ನೆಯ ಇಸವಿ ಮೇ ೧ರಂದು, ತೊಂಬತ್ತೊಂದನೆಯ ವಯಸ್ಸಿನಲ್ಲಿ, ಹೆಲೆನ್ ವ್ಯಾಗ್ನರ್ ತೀರಿಕೊಂಡಳು. ಕೊನೆಯ ವರ್ಷದ ವರೆಗೂ ಆಕೆ ಆ ಪಾತ್ರವನ್ನು ಬಿಟ್ಟಿರಲಿಲ್ಲ. ಕಥೆಯಲ್ಲಿ ನ್ಯಾನ್ಸಿಯೂ ಗತಿಸಿದಳೆಂದು ತೋರಿಸಿ, ಓಕ್‌ಡೇಲಿನವರೆಲ್ಲ ಆಕೆಯನ್ನು ನೆನೆದು ಬೀಳ್ಕೊಟ್ಟರು. ಸೆಪ್ಟೆಂಬರ್ ೧೭ರಂದು ಧಾರಾವಾಹಿಯು ಮುಗಿಯಿತು. ಒಟ್ಟು ೧೩,೮೫೮ ಕಂತುಗಳು. ಕಡೆಯ ಮಾತು ಮಗ ಬಾಬನದು. ಅವನು ರಾತ್ರಿಯ ವಂದನೆಯನ್ನು ಹೇಳಿ ತನ್ನ ಕೊಠಡಿಯಿಂದ ಹೊರನಡೆದನು. ತಾಯಿಯ ಬೆಳಗಿನ ವಂದನೆಯಿಂದ ಮೊದಲಾದ ಕಥೆಗೆ ಮಗನು ಹೀಗೆ ಮುಕ್ತಾಯ ಹಾಡಿದನು.

ನಮ್ಮ ದೇಶಕ್ಕೆ ಈ ಕಲೆಯು ಬಂದುದು ಮೆಕ್ಸಿಕೋ ದೇಶದ ಮಾದರಿಯ ಮೂಲಕ. ಕುಟುಂಬ ಯೋಜನೆ, ಹೆಣ್ಣುಮಕ್ಕಳ ಸ್ಥಿತಿಗತಿ ಮೊದಲಾದ ವಿಷಯಗಳನ್ನು ಕಥೆಯ ಮೂಲಕ ಜನರಿಗೆ ತಿಳಿಸಬೇಕೆಂಬ ಉದ್ದೇಶದಿಂದ ದೂರದರ್ಶನದವರು ೧೯೮೪ರ ಜುಲೈ ತಿಂಗಳಿನಲ್ಲಿ 'ಹಮ್ ಲೋಗ್' ಎಂಬ ಹಿಂದಿ ಧಾರಾವಾಹಿಯನ್ನು ಆರಂಭಿಸಿದರು. ಕನ್ನಡದಲ್ಲಿ ೧೯೯೮ರಲ್ಲಿ ಟಿ. ಎನ್. ಸೀತಾರಾಂ ಮತ್ತು ಅವರ ಜೊತೆಗಾರರು ನಿರ್ದೇಶಿಸಿದ 'ಮಾಯಾಮೃಗ'ವು ಮಧ್ಯಮವರ್ಗದ ಸಂಸಾರಗಳನ್ನು ನಿತ್ಯದ ಕಥೆಯನ್ನಾಗಿ ಮಾಡಿ ಮನೆಮನೆಯ ಮಾತಾಯಿತು. ಇಂದು ನಮ್ಮಲ್ಲಿ ಸಂಜೆಯ ದೀಪ ಹಚ್ಚಿದ ಮೇಲೆ ಧಾರಾವಾಹಿಯ ದನಿ ಕೇಳದ ಮನೆ ವಿರಳ. ವಿಷವಿಕ್ಕುವ ಸೊಸೆ, ಸಂಚುಹೂಡುವ ಅತ್ತೆ, ಮಲಗುವಾಗಲೂ ಒಡವೆ ಬಿಚ್ಚದ ನಾಯಿಕೆ, ಇವರು ಅವುಗಳಲ್ಲಿ ಹಲವನ್ನು ಆಕ್ರಮಿಸಿಕೊಂಡಿರುವುದನ್ನು ನೋಡಿ ನಮಗೆ ನಗೆಯೂ ಬರುವುದು, ವ್ಯಸನವೂ ಆಗುವುದು. ಬರೆಯುವವರಿಗೆ ನಾವು ಕೇಳಿಕೊಳ್ಳುವುದಿಷ್ಟೇ: ಒಳ್ಳೆಯ ಗೃಹಿಣಿಯೊಬ್ಬಳನ್ನು ನಡುವೆ ನಿಲ್ಲಿಸಿಯೂ ಅರ್ಧ ಶತಮಾನಕ್ಕೂ ಮಿಕ್ಕಿ ಜನರನ್ನು ಹಿಡಿದಿಡಬಹುದೆಂಬುದಕ್ಕೆ ಈ ಕಥೆ ಸಾಕ್ಷಿಯಾಗಿದೆ.

ಆದರೆ ನಮ್ಮ ಮುಖ್ಯ ಬಿನ್ನಹವು ಬರೆಯುವವರಿಗಿಂತ ಗೃಹಸ್ಥರಲ್ಲಿ. ಧಾರಾವಾಹಿಯ ತಾಯಿಗಾಗಿ ಕಣ್ಣೀರಿಡುವ ನಾವು, ಅದೇ ಹೊತ್ತಿನಲ್ಲಿ ಒಳಗಿನಿಂದ ಕರೆಯುವ ನಮ್ಮ ಮನೆಯ ಮುದುಕಿಗೆ 'ಸ್ವಲ್ಪ ತಾಳಮ್ಮ' ಎಂದು ಗದರುವುದುಂಟು. ಅಭಿನಯದ ಗೃಹಿಣಿಗೆ ಪಾರಿತೋಷಕವಿದೆ, ಸಂಬಳವಿದೆ, ದಾಖಲೆಯ ಪುಸ್ತಕದಲ್ಲಿ ಒಂದು ಸಾಲಿದೆ. ಮನೆಯ ಗೃಹಿಣಿಗೆ ಇವಾವುವೂ ಇಲ್ಲ. ಕಂತುಗಳ ಲೆಕ್ಕವನ್ನೂ ಯಾರೂ ಇಟ್ಟಿಲ್ಲ. ಅವಳ ಕಥೆಯನ್ನು ಕೇಳಲು ದಿನಕ್ಕೆ ಅರ್ಧ ಗಂಟೆಯಾದರೂ ನಮ್ಮಲ್ಲಿದೆಯೇ? ಅವಳು ಹುಟ್ಟಿದ ಊರು, ಓದಬೇಕೆಂದಿದ್ದ ಓದು, ಬಿಟ್ಟುಕೊಟ್ಟ ಆಸೆ, ಇವುಗಳನ್ನು ನಮ್ಮ ಮಕ್ಕಳು ಬಲ್ಲರೇ? ಒಂದು ಸಂಜೆ ಪೆಟ್ಟಿಗೆಯನ್ನು ಆರಿಸಿ, ಕಾಫಿಯನ್ನು ಈ ಸಲ ನಾವೇ ಬಗ್ಗಿಸಿಕೊಟ್ಟು, ಅವಳನ್ನು ಕುಳ್ಳಿರಿಸಿ ಕೇಳೋಣ. ಅವಳು ಮೊದಲು 'ನನ್ನದೇನು ಕಥೆ' ಎಂದಾಳು. ಅಲ್ಲಿಗೇ ಬಿಡದೆ ಇನ್ನೊಮ್ಮೆ ಕೇಳಬೇಕು.